ಎಡಗಾಲಿಗೊಂದು ಬೂಟು

ಹಾವು, ಹೊಳೆ, ಬೀಡಾಡಿ ಎತ್ತು, ಅಮಲ್ದಾರರ ಜವಾನ, ಗುಡುಗು, ಹೆಂಗಸರ ಅಳು, ಇವೆಲ್ಲಕ್ಕೂ ಅವರು ಹೆದರುತ್ತಿದ್ದರು. ಹೆದರಿಕೆಯನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಮಾತ್ರ ಅವರಿಗಿರಲಿಲ್ಲ. ಹೊಟ್ಟೆ ಹಸಿದಿದೆ ಎಂದು ಬೇರೆಯವರು ಹೇಳುವಷ್ಟೇ ಸಲೀಸಾಗಿ "ನಂಗೆ ಭಯ ಆಗ್ತೈತೆ ಕಣಪ್ಪ" ಎಂದು ಹೇಳಿಬಿಡುತ್ತಿದ್ದರು. ಹೇಳಿ, ಕೋಟಿನ ಗುಂಡಿ ಹಾಕಿಕೊಂಡು, ಯಾವ ಕಡೆಗೆ ಹೋಗಬೇಕಿತ್ತೋ ಆ ಕಡೆಗೆ ಹೊರಟುಬಿಡುತ್ತಿದ್ದರು.

ಹೋದ ತಿಂಗಳು ರಂಗೂನಿನ ಕಡೆಯಿಂದ ಬಂದ ಕಾಗದದಲ್ಲಿ ಅವರು ತೀರಿಕೊಂಡ ಸುದ್ದಿ ಇತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಿನಲ್ಲಿ ಬಂದರೆ ಯಾರಾದರೂ ಏನಾದರೂ ಕೇಳಿಕೊಂಡು ಬರುತ್ತಾರೆ ಎನ್ನುವ ಹೆದರಿಕೆಯೂ ಅವರಿಗಿತ್ತು. ಈಗಲಾದರೂ ಅವರು ನಿಶ್ಚಿಂತೆಯಿಂದ ಇರಲಿ.

ಈ ಇಪ್ಪತ್ತನೆಯ ಶತಮಾನದ ಮೊದಲ ಹತ್ತು ವರ್ಷ ಇನ್ನೂ ಮುಗಿದಿರಲಿಲ್ಲ, ನಾನು ಮೊಳಕಾಲ್ಮೂರಿನ ಆಸ್ಪತ್ರೆಗೆ ಗುಮಾಸ್ತನಾಗಿ ಸೇರಿದೆ. ನನಗೆ ಇಪ್ಪತ್ತೆರಡು ವರ್ಷ. ಅವರಿಗೆ ಮೂವತ್ತರ ಮೇಲೆ. ಅವರು ಅಲ್ಲಿ ದೇವಿ ಹಾಕುವವರು. ಸಿಡುಬು ಬಾರದ ಹಾಗೆ ಮಕ್ಕಳ ತೋಳು ಗೀರಿ ಮದ್ದು ಹಚ್ಚುವುದು ಅವರ ಕೆಲಸ. ಆಸ್ಪತ್ರೆಯ ಹಳೆಯ ಸೈಕಲ್ಲೊಂದು ಅವರ ವಶದಲ್ಲಿತ್ತು. ನಮ್ಮ ಸೀಮೆಯಲ್ಲಿ ಸೈಕಲ್ಲೇ ಅಪರೂಪವಾಗಿದ್ದ ಕಾಲ ಅದು. ಊರಾಚೆ ದಾರಿಯಲ್ಲಿ ಅದು ಮಿಂಚಿತೆಂದರೆ ಸಾಕು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಣವೆಯ ಹಿಂದಕ್ಕೆ ಓಡುತ್ತಿದ್ದರು.

ಒಮ್ಮೆ ಗೌರಸಮುದ್ರದ ಹತ್ತಿರದ ಹಳ್ಳಿಗೆ ರಿಜಿಸ್ಟರು ಬರೆಯಲು ನಾನೂ ಜೊತೆಗೆ ಹೋಗಿದ್ದೆ. ಒಂದು ಮನೆಯ ಬಾಗಿಲಿಗೆ ಅಡ್ಡವಾಗಿ ಅಜ್ಜಿಯೊಬ್ಬಳು ಒನಕೆ ಹಿಡಿದು ನಿಂತಿದ್ದಳು. "ಮಾರವ್ವ ಮುನಿಸ್ಕಂತಾಳೆ. ನೀನು ಗೀರಿದ್ರೆ ನಮ್ಮನೆಗೆ ಅಮ್ಮ ಬರ್ತಾಳೆ. ಹೋಗು" ಎಂದಳು. ಇವರು ಸೈಕಲ್ಲನ್ನು ಗೋಡೆಗೆ ಒರಗಿಸಿ ಅವಳೆದುರು ನೆಲದ ಮೇಲೆ ಕೂತರು.

"ಅಜ್ಜೀ, ನಿಂಗೆ ಮಾರವ್ವನ ಭಯ. ನಂಗೆ ನಿನ್ನ ಒನಕೆ ಭಯ. ಮಗೂಗೆ ನನ್ನ ಸೂಜಿ ಭಯ. ಮೂರೂ ಜನ ಕಣ್ಣು ಮುಚ್ಕಳಾನ, ಅಷ್ಟರಾಗೆ ಮುಗಿದೋಗ್ತೈತೆ" ಎಂದರು.

ಅಜ್ಜಿ ನಗಲಿಲ್ಲ. ಅವರ ಮುಖವನ್ನೇ ನೋಡುತ್ತಾ ನಿಂತಿದ್ದು, ಕೊನೆಗೆ ಒನಕೆಯನ್ನು ಕೆಳಗಿಟ್ಟಳು. ಹಿಂದಿರುಗಿ ಬರುವಾಗ ಅಜ್ಜಿ ಒನಕೆ ಹಿಡಿದು ಹಿಂದೆ ಬರುತ್ತಿದ್ದಾಳೆಯೇ ಎಂದು ಅವರು ಎರಡು ಸಲ ತಿರುಗಿ ನೋಡಿದರು. ಅವರು ತಮಾಷೆಗೆ ಹಾಗೆ ಹೇಳಿದ್ದಲ್ಲ ಎಂದು ನನಗೆ ಆಗ ತಿಳಿಯಿತು.

ಅವರು ಎಡಗಾಲಿಗೆ ಯಾವಾಗಲೂ ಬಟ್ಟೆ ಸುತ್ತಿರುತ್ತಿದ್ದರು. ಆ ಕಾಲಿನಲ್ಲಿ ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಇರಲಿಲ್ಲ. ಅವರದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆತನ. ಚಿಕ್ಕವರಿದ್ದಾಗ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರಂತೆ, ಹಾವು ಕಚ್ಚಿತು. ಅವರ ಅಪ್ಪ ಕೈಗೆ ಸಿಕ್ಕ ಕತ್ತಿಯಿಂದ ಬೆರಳುಗಳನ್ನು ಕಡಿದುಹಾಕಿ ಮಗನನ್ನು ಉಳಿಸಿಕೊಂಡರು. ಮಗ್ಗದ ಹಲಗೆ ತುಳಿಯಲು ಆ ಕಾಲು ಬರದು. ಹಾಗಾಗಿ ಇವರನ್ನು ಶಾಲೆಗೆ ಹಾಕಿದರು. ಅಪ್ಪ ಹೋದ ಮೇಲೆ ಮಗ್ಗಕ್ಕೆ ಕೂತವನು ಇವರ ತಮ್ಮ. ಇವರಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು.

ನಾನು ಆ ಊರಿಗೆ ಬರುವ ಹೊತ್ತಿಗೆ ತಮ್ಮ ಮನೆಯಲ್ಲಿರಲಿಲ್ಲ. ಎಲ್ಲಿದ್ದಾನೆ ಎಂದು ಕೇಳಿದವರಿಗೆ ಅವರ ಅವ್ವ "ದೂರ ಅವ್ನೆ" ಎಂದಷ್ಟೇ ಹೇಳಿ ಲಾಳಿ ತಳ್ಳುತ್ತಿದ್ದಳು. ಗಂಡ ಸತ್ತು ಮಗ ಹೋದ ಮೇಲೆ ಮಗ್ಗಕ್ಕೆ ಅವಳೇ ಕೂರುತ್ತಿದ್ದಳು. ನಡೆದದ್ದನ್ನು ಇವರು ನನಗೆ ಹೇಳಿದ್ದು ನನ್ನ ಪರಿಚಯವಾಗಿ ಎರಡು ವರ್ಷದ ಮೇಲೆ, ಆಸ್ಪತ್ರೆಯ ಹಿಂದಿನ ಬಂಡೆಯ ಮೇಲೆ ಕೂತಿದ್ದಾಗ.

"ಅವ್ನಿಗೆ ಮಗ್ಗ ಬ್ಯಾಡಾಗಿತ್ತು. ನನ್ನ ಕಾಲಿನ ಪಾಲಿಂದೂ ಅವ್ನೇ ತುಳೀಬೇಕಾಯ್ತು. ಒಂದಿನ ನೂಲು ಕೆಡಿಸ್ದ ಅಂತ ಹೊಡ್ದೆ. ಒಂದೇ ಏಟು, ಕೆನ್ನೆಗೆ. ಬೆಳಗ್ಗೆ ಎದ್ದು ನೋಡಿದ್ರೆ ಇಲ್ಲ. ಮಗ್ಗದ ಮ್ಯಾಲೆ ಅರ್ಧ ಸೀರೆ ಹಂಗೇ ಇತ್ತು."

ಆರು ವರ್ಷದಲ್ಲಿ ಬಂದದ್ದು ಒಂದೇ ಕಾಗದ, ರಂಗೂನಿನಿಂದ. ಬೇರೆ ಯಾರದೋ ಕೈಬರಹ. "ಅಕ್ಕಿ ಗಿರಣಿಯಲ್ಲಿ ಕೆಲಸ. ಬದುಕಿದ್ದೇನೆ. ಹುಡುಕಬೇಡಿ" ಎಂದಿತ್ತು. ವಿಳಾಸ ಇರಲಿಲ್ಲ.

ಹೀಗಿರುವಾಗ ರಂಗೂನಿನ ಕಡೆ ದೇವಿ ಹಾಕುವವರು ಬೇಕಾಗಿದ್ದಾರೆ ಎಂಬ ಪ್ರಕಟಣೆ ಆಸ್ಪತ್ರೆಗೆ ಬಂತು. ಅಲ್ಲಿನ ಗಿರಣಿಗಳ ಕೂಲಿ ಲೈನಿನ ಸಾಲುಮನೆಗಳಲ್ಲಿ ತೆಲುಗು ಜನ ತುಂಬಿದ್ದರು, ತೆಲುಗು ಬಲ್ಲವರೇ ಬೇಕಿತ್ತು. ಇವರ ಮನೆಮಾತೇ ತೆಲುಗು. ಅದನ್ನು ಡಾಕ್ಟರಿಗೆ ಓದಿ ಹೇಳಿ ಕಡತಕ್ಕೆ ಹಾಕಲು ಹೊರಟಿದ್ದೆ. ಇವರು ಕೈ ಚಾಚಿ ಇಸಿದುಕೊಂಡರು. ಮೂರು ಸಲ ಓದಿಕೊಂಡರು.

"ಸಮುದ್ರ ನೋಡಿದ್ದೀಯೇನಪ್ಪಾ?" ಎಂದು ಕೇಳಿದರು.

"ಇಲ್ಲಣ್ಣ."

"ನಾನೂ ಇಲ್ಲ. ಹೊಳೆ ನೋಡಿದ್ರೇ ಕಣ್ಣು ಮುಚ್ಕಂತೀನಿ. ಅರ್ಜಿ ಬರಿ."

ಪ್ರಕಟಣೆಯ ಕೊನೆಯಲ್ಲಿ ಎರಡು ಷರತ್ತುಗಳಿದ್ದವು. ಹಡಗು ಹತ್ತುವ ಮೊದಲು ಮದರಾಸಿನಲ್ಲಿ ಡಾಕ್ಟರೊಬ್ಬರು ಮೈಯನ್ನೆಲ್ಲ ಪರೀಕ್ಷೆ ಮಾಡುತ್ತಾರೆ, ಕೈಕಾಲು ಗಟ್ಟಿಮುಟ್ಟಾಗಿರಬೇಕು. ಎರಡನೆಯದು, ಅವರೆದುರಿಗೆ ಒಂದು ಮೈಲಿ ಸೈಕಲ್ಲು ತುಳಿದು ತೋರಿಸಬೇಕು. ಅಲ್ಲಿಗೆ ಹೋದ ಮೇಲೆ ಸೈಕಲ್ಲು ಅವರೇ ಕೊಡುತ್ತಾರೆ.

ಇವರು ಸೈಕಲ್ಲು ತುಳಿಯುತ್ತಿದ್ದ ರೀತಿ ನನಗೆ ಗೊತ್ತಿತ್ತು. ಬೆರಳಿಲ್ಲದ ಕಾಲು ಪೆಡಲ್ಲಿನ ಮೇಲೆ ನಿಲ್ಲುತ್ತಿರಲಿಲ್ಲ, ಮುಂದಕ್ಕೆ ಜಾರಿಬಿಡುತ್ತಿತ್ತು. ಅದಕ್ಕೆ ಹತ್ತುವಾಗಲೇ ಒಂದು ಹಳೆಯ ಧೋತರದ ಅಂಚಿನಿಂದ ಕಾಲನ್ನು ಪೆಡಲ್ಲಿಗೆ ಕಟ್ಟಿಕೊಳ್ಳುತ್ತಿದ್ದರು. ಮದರಾಸಿನ ಡಾಕ್ಟರ ಮುಂದೆ ಹಾಗೆ ಕಟ್ಟಿಕೊಳ್ಳಲಾಗುತ್ತದೆಯೆ? ಬೂಟು ಬೇಕು. ಕುಂಟು ಕಾಣದಂಥ ಬೂಟು. ಆ ಬೂಟನ್ನು ಹಿಡಿದುಕೊಳ್ಳುವಂಥ ಪೆಡಲ್ಲು ಬೇಕು. ಅಲ್ಲಿ ಕೊಡುವ ಸೈಕಲ್ಲಿಗೆ ಯಾವ ಪೆಡಲ್ಲು ಇರುತ್ತದೋ ಯಾರಿಗೆ ಗೊತ್ತು. ಹಾಗಾಗಿ ಅದನ್ನೂ ಇಲ್ಲಿಂದಲೇ ಗಂಟಿನಲ್ಲಿ ಕಟ್ಟಿಕೊಂಡು ಹೋಗಬೇಕು.

ನಾವು ರಜೆ ಹಾಕಿ ಸೈಕಲ್ಲನ್ನು ಗಾಡಿಯ ಹಿಂದಕ್ಕೆ ಕಟ್ಟಿಕೊಂಡು ಚಳ್ಳಕೆರೆಗೆ ಹೋದೆವು. ಅಲ್ಲಿ ನನ್ನ ಚಿಕ್ಕಪ್ಪನ ಮನೆಯಿತ್ತು. ಸಂತೆಬೀದಿಯಲ್ಲಿ ಒಬ್ಬ ಸಾಬರು ಗಡಿಯಾರ, ಹೊಲಿಗೆ ಯಂತ್ರ, ಸೈಕಲ್ಲು ರಿಪೇರಿ ಮಾಡುತ್ತಿದ್ದರು. ಬಳ್ಳಾರಿಯ ದಂಡಿನಲ್ಲಿ ಬಿಳಿ ಸಿಪಾಯಿಗಳ ಸೈಕಲ್ಲುಗಳನ್ನು ಸರಿಮಾಡಿಕೊಂಡಿದ್ದು, ವಯಸ್ಸಾದ ಮೇಲೆ ಊರಿಗೆ ಬಂದಿದ್ದವರು. ಒಂದು ಡಬ್ಬಿಯನ್ನು ಚಾಪೆಯ ಮೇಲೆ ಸುರಿದು ಎರಡು ಜೊತೆ ಪೆಡಲ್ಲುಗಳನ್ನು ಆರಿಸಿ ಮುಂದಿಟ್ಟರು. ಒಂದು ಜೊತೆಗೆ ದಪ್ಪ ರಬ್ಬರಿನ ತುಂಡುಗಳಿದ್ದವು. ಇನ್ನೊಂದು ಬರೀ ಉಕ್ಕು. ಎರಡೂ ಅಂಚಿನ ಪಟ್ಟಿಗಳಲ್ಲಿ ಗರಗಸದ ಹಾಗೆ ಹಲ್ಲು.

ಇವರು ರಬ್ಬರಿನದನ್ನು ಕೈಗೆತ್ತಿಕೊಂಡು ಒತ್ತಿ ನೋಡಿದರು. "ಇದು ಮೆತ್ತಗೈತೆ. ಇದೇ ಇರ್ಲಿ."

"ಮೆತ್ತಗೆ ಐತೆ ಸಾಮೀ, ಇಲ್ಲ ಅನ್ನಲ್ಲ. ಎಲ್ಲಿ ತುಳೀತೀರಿ?" ಎಂದರು ಸಾಬರು.

"ರಂಗೂನ್ ಕಡೆ."

"ಅರೇ, ಅಲ್ಲಿ ಆರು ತಿಂಗ್ಳು ಬಾರಿಷ್. ರಬ್ಬರ್ ಮ್ಯಾಲೆ ಒದ್ದೆ ಚರ್ಮ ಕೂರಲ್ಲ, ಜಾರ್ತದೆ. ಇದು ನೋಡ್ರಿ, ಇದು." ಉಕ್ಕಿನ ಪೆಡಲ್ಲನ್ನು ಅವರ ಅಂಗೈಗೆ ಇಟ್ಟರು.

ಇವರು ಹಲ್ಲಿನ ಮೇಲೆ ಬೆರಳಾಡಿಸಿ ಸರಕ್ಕನೆ ಕೈ ಹಿಂದಕ್ಕೆ ತೆಗೆದುಕೊಂಡರು. "ಇದು ಕಚ್ತೈತಲ್ರೀ."

"ಕಚ್ಚಿದ್ರೇ ತಾನೆ ಹಿಡ್ಕಳ್ಳೋದು?"

ಅವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅಲ್ಲಿನ ಸೈಕಲ್ಲಿಗೆ ಇದು ಕೂರದಿದ್ದರೆ? ತಿರುಪು ಬೇರೆ ಅಳತೆಯದಾಗಿದ್ದರೆ? ದಾರಿಯಲ್ಲಿ ಬಿಚ್ಚಿಕೊಂಡು ಬಿದ್ದರೆ? ಸಾಬರು ಬೇಸರಿಸಿಕೊಳ್ಳದೆ ಒಂದೊಂದಕ್ಕೂ ಉತ್ತರ ಹೇಳಿದರು. ತಾವು ಕಂಡ ಸೀಮೆ ಸೈಕಲ್ಲುಗಳಿಗೆಲ್ಲ ತಿರುಪು ಒಂದೇ ಎಂದರು. ಬಲಗಾಲಿನ ಪೆಡಲ್ಲು ಎಲ್ಲ ತಿರುಪಿನ ಹಾಗೆ ಬಲಕ್ಕೆ ಸುತ್ತುತ್ತದೆ, ಎಡಗಾಲಿನದು ಉಲ್ಟಾ, ಎಡಕ್ಕೆ ಸುತ್ತಬೇಕು, ಇಲ್ಲದಿದ್ದರೆ ತುಳಿಯುತ್ತಾ ತುಳಿಯುತ್ತಾ ತಾನೇ ಬಿಚ್ಚಿಕೊಳ್ಳುತ್ತದೆ ಎಂದು ತಮ್ಮ ಕೈಯಾರೆ ಹಾಕಿ, ತೆಗೆದು ತೋರಿಸಿದರು. ಇವರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಅದೇ ಮಾತನ್ನು ಇನ್ನೊಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. "ನಂದು ಕಳ್ದೋದ್ರೆ ನೀನು ಕಾಗ್ದ ಬರಿ" ಎಂದರು.

ಸಾಬರ ಹತ್ತಿರ ಸಿಪಾಯಿಗಳ ಹಳೆಯ ಬೂಟುಗಳೂ ಇದ್ದವು. ಸುತ್ತಿದ ಬಟ್ಟೆ ಬಿಚ್ಚದೆಯೇ ಹಾಕಿ ನೋಡಿದರು. ಎಡಗಾಲಿನದಕ್ಕೆ ಎಷ್ಟು ಬಟ್ಟೆ ತುರುಕಿದರೂ ಒಳಗೆ ಕಾಲು ಅತ್ತಿತ್ತ ಆಡುತ್ತಿತ್ತು. ಹೊಲಿಸಲೇಬೇಕಾಯಿತು. ಸಾಬರೇ ಊರಾಚೆ ಇದ್ದ ಒಬ್ಬ ಮುದುಕನ ಮನೆಯ ಗುರುತು ಹೇಳಿದರು. ಆತ ಕುದುರೆಯ ಜೀನಿನಿಂದ ಹಿಡಿದು ಸಾಹುಕಾರರ ಜೋಡಿನವರೆಗೆ ಎಲ್ಲ ಹೊಲಿಯುತ್ತಿದ್ದನಂತೆ.

ಆತನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಹೋಗಿ ನಿಂತೆವು. ಹಸಿ ಚರ್ಮದ ವಾಸನೆ. ಮುದುಕ "ಕಾಲು ತೋರಿಸ್ರಿ ಬುದ್ಧಿ" ಎಂದ. ಇವರು ನಿಂತೇ ಇದ್ದರು. ನಾನು ಜೊತೆಯಲ್ಲಿದ್ದ ಎರಡೂವರೆ ವರ್ಷದಲ್ಲಿ ಆ ಬಟ್ಟೆ ಬಿಚ್ಚಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ನಾನು ಮುಖ ತಿರುಗಿಸಿ ನಿಂತೆ. ಬಟ್ಟೆ ಬಿಚ್ಚುವ ಸಪ್ಪಳ ಕೇಳಿಸಿತು. ಆಮೇಲೆ ಮುದುಕನ ದನಿ.

"ಇಷ್ಟೇಯಾ? ನಾನು ಏನೋ ಅಂದ್ಕಂಡಿದ್ದೆ. ಕಾಲು ಚೆನ್ನಾಗೈತೆ."

ತಿರುಗಿ ನೋಡಿದೆ. ಆತ ಅವರ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒದ್ದೆ ಮಾಡಿದ ತೊಗಲನ್ನು ಸುತ್ತಿ ಬೆರಳಿನಿಂದ ಅದುಮುತ್ತಿದ್ದ. ಮುಟ್ಟಿಸಿಕೊಳ್ಳುವುದು ಮುಟ್ಟುವುದು ದೊಡ್ಡ ವಿಷಯವಾಗಿದ್ದ ಕಾಲ. ಇಬ್ಬರಿಗೂ ಅದರ ನೆನಪಿದ್ದಂತೆ ಕಾಣಲಿಲ್ಲ. ಇವರು ಕಣ್ಣು ಮುಚ್ಚಿಕೊಂಡಿದ್ದರು.

ಮೂರನೆಯ ದಿನಕ್ಕೆ ಬೂಟು ಸಿದ್ಧವಾಯಿತು. ಎಡಗಾಲಿನ ಬೂಟಿನ ಮುಂಭಾಗದಲ್ಲಿ ಬೆರಳಿದ್ದ ಜಾಗಕ್ಕೆ ಕಟ್ಟಿಗೆಯ ತುಂಡನ್ನು ತೊಗಲಿನಲ್ಲಿ ಸುತ್ತಿ ಕೂರಿಸಿದ್ದ. ಅಟ್ಟೆಯ ಕೆಳಗೆ ಅಡ್ಡಲಾಗಿ ದಪ್ಪ ತೊಗಲಿನ ಪಟ್ಟಿಯೊಂದನ್ನು ಮೊಳೆ ಹೊಡೆದು ಬಿಗಿದಿದ್ದ. ಪೆಡಲ್ಲಿನ ಹಿಂದಿನ ಹಲ್ಲುಪಟ್ಟಿಗೆ ಆ ತೊಗಲು ಸಿಕ್ಕಿಕೊಂಡರೆ ಕಾಲು ಮುಂದಕ್ಕೆ ಜಾರುವುದೇ ಇಲ್ಲ. ಇವರು ಎದ್ದು ನಡೆದರು. ಬೇವಿನ ಮರದಿಂದ ಬೇಲಿಯವರೆಗೆ ಹೋಗಿ ಬಂದರು. ಕುಂಟು ಕಾಣಲಿಲ್ಲ. ನನಗೆ ಬೇರೆ ಯಾರೋ ನಡೆದು ಬರುತ್ತಿದ್ದ ಹಾಗೆ ಅನ್ನಿಸಿತು.

ಆ ಮಧ್ಯಾಹ್ನ ನಾವು ಮೊಳಕಾಲ್ಮೂರಿನ ಕಡೆಗೆ ಹೊರಟೆವು. ಅವರು ಹೊಸ ಬೂಟು, ಹೊಸ ಪೆಡಲ್ಲಿನ ಮೇಲೆ ಗಾಡಿಯ ಜೊತೆಜೊತೆಗೇ ಸೈಕಲ್ಲು ತುಳಿಯುತ್ತಿದ್ದರು. ತಳಕು ದಾಟಿದ ಮೇಲೆ ಅವರಿಗೆ ಧೈರ್ಯ ಬಂತೋ ಏನೋ, ಮುಂದೆ ಹೋದರು. ಮುಂದೆ ಒಂದು ಏರು, ಅದರಾಚೆಗೆ ಇಳಿಜಾರು. ಏರಿನ ನೆತ್ತಿಯಲ್ಲಿ ಒಮ್ಮೆ ಕಂಡು ಮರೆಯಾದರು. ಎತ್ತುಗಳು ನಿಧಾನ. ಗಾಡಿಯವನು ಸೊಲ್ಲಾಪುರದ ಎತ್ತಿನ ವಿಷಯ ಹೇಳುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ.

ಏರು ಹತ್ತುವಾಗ ಬೆಲ್ಲಿನ ಸಪ್ಪಳ ಕೇಳಿಸಿತು. ಯಾರಿಗೋ ದಾರಿ ಬಿಡಿ ಎಂದು ಬಾರಿಸುತ್ತಿದ್ದಾರೆ ಎಂದುಕೊಂಡೆ. ಸಪ್ಪಳ ನಿಲ್ಲಲಿಲ್ಲ. ಒಂದೇ ಸಮನೆ, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಹಾಗೆ ಹೊಡೆದುಕೊಳ್ಳುತ್ತಿತ್ತು. ಗಾಡಿಯವನು ಮಾತು ನಿಲ್ಲಿಸಿದ. ನಾನು ಇಳಿದು ಓಡಿದೆ.

ಇಳಿಜಾರಿನ ಕೆಳಗೆ ದಾರಿಯ ಪಕ್ಕದ ತಗ್ಗಿನಲ್ಲಿ ಅವರು ಮಗ್ಗುಲಾಗಿ ಬಿದ್ದಿದ್ದರು. ಸೈಕಲ್ಲು ಅವರ ಮೇಲಿತ್ತು. ಅವರಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಒಣಹುಲ್ಲಿನ ನಡುವೆ, ಎರಡು ತೋಳಗಳು ಕೂತಿದ್ದವು. ಅವಸರವೇನೂ ಇಲ್ಲದ ಹಾಗೆ ಮುಂಗಾಲು ಚಾಚಿಕೊಂಡು ಕೂತಿದ್ದವು. ಮೂರನೆಯದೊಂದು ಇನ್ನೂ ಆಚೆ ನಿಂತಿತ್ತು. ಬಿಸಿಲು ಚೆನ್ನಾಗಿತ್ತು. ಆ ಬಿಸಿಲಿನಲ್ಲಿ ಅವುಗಳ ಕಣ್ಣು ಕೂಡ ನನಗೆ ಕಾಣುತ್ತಿತ್ತು. ಕುರಿಮಂದೆಗೆ ತೋಳ ಬಿದ್ದ ಸುದ್ದಿ ನಮ್ಮ ಕಡೆ ದಿನವೂ ಇರುತ್ತದೆ. ಆದರೆ ಬಿದ್ದ ಮನುಷ್ಯನ ಹತ್ತಿರ ಅವು ಹಾಗೆ ಕಾಯುತ್ತಾ ಕೂತಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ.

ಗಾಡಿಯವನು ಹಿಂದಿನಿಂದ ಬಾರುಕೋಲು ಬೀಸುತ್ತಾ ಕೂಗುತ್ತಾ ಬಂದ. ಕಲ್ಲು ತೂರಿದ. ತೋಳಗಳು ಎದ್ದವು. ಓಡಲಿಲ್ಲ. ನಿಂತು ನಿಂತು ಹಿಂದಿರುಗಿ ನೋಡುತ್ತಾ ಹುಲ್ಲಿನೊಳಗೆ ಹೋದವು.

ನಾವು ಸೈಕಲ್ಲು ಎತ್ತಲು ಹೋದೆವು. ಬೂಟಿನ ಪಟ್ಟಿ ಪೆಡಲ್ಲಿನ ಹಲ್ಲಿಗೆ ಕಚ್ಚಿಕೊಂಡು ಕಾಲು ತಿರುಚಿಕೊಂಡಿತ್ತು. ಅವರು ಇನ್ನೂ ಬೆಲ್ಲು ಬಾರಿಸುತ್ತಲೇ ಇದ್ದರು. "ಅಣ್ಣಾ, ಹೋದ್ವು, ಬಿಡ್ರಿ" ಎಂದೆ. ಕೇಳಿಸಲಿಲ್ಲ. ಅವರ ಹೆಬ್ಬೆರಳನ್ನು ನಾನೇ ಹಿಡಿದು ಬಿಡಿಸಬೇಕಾಯಿತು. ನೀರು ಕುಡಿದ ಮೇಲೆ ಮಾತು ಬಂತು.

"ಇಳ್ಯಾಕೆ ಹೋದೆ, ಬೂಟು ಬಿಡ್ಲೇ ಇಲ್ಲ, ಬಿದ್ದೆ. ಒಂದು ತೋಳ ಬಂದು ಬೂಟು ಮೂಸಿ ಹೋಯ್ತು."

"ಬೂಟು ಬಿಚ್ಚಿ ಕಾಲು ಎಳ್ಕೋಬೋದಿತ್ತಲ್ಲಣ್ಣ?"

"ಲಾಡಿ ಬಿಚ್ಬೇಕಂದ್ರೆ ಬೆಲ್ಲು ಬಿಡ್ಬೇಕು. ಬೆಲ್ಲು ಬಿಟ್ಟಾಗೆಲ್ಲಾ ಅವು ಒಂದು ಹೆಜ್ಜೆ ಮುಂದಕ್ಕೆ ಬರ್ತಿದ್ವು."

ಇನ್ನು ಇವರು ರಂಗೂನಿನ ಮಾತೆತ್ತುವುದಿಲ್ಲ ಎಂದುಕೊಂಡೆ. ನಿಜ ಹೇಳುವುದಾದರೆ ನನಗೆ ಅದೇ ಬೇಕಾಗಿತ್ತು. ಅವರಿಲ್ಲದ ಆಸ್ಪತ್ರೆಯನ್ನು ನೆನೆಸಿಕೊಳ್ಳಲು ನನಗೂ ಭಯ. ಆ ದಿನ ಮುಂದಿನ ಹಳ್ಳಿಯಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಎದ್ದು ಅವರು ಊದಿಕೊಂಡ ಕಾಲಿಗೆ ಬಟ್ಟೆ ಸುತ್ತುತ್ತಾ, "ಗಾಡಿ ತಿರುಗಿಸ್ರಿ. ಚಳ್ಳಕೆರೆಗೆ ಹೋಗಾನ" ಎಂದರು.

ಮುದುಕ ಎಲ್ಲ ಕೇಳಿಸಿಕೊಂಡು, ಬೂಟನ್ನು ಮಗುಚಿ, ತನ್ನ ತಲೆಗೇ ಒಮ್ಮೆ ಹೊಡೆದುಕೊಂಡ. "ಹಿಡ್ಕಳದು ಒಂದೇ ನೋಡ್ದೆ ಬುದ್ಧಿ. ತಪ್ಪು ನಂದು." ಉಳಿ ತೆಗೆದುಕೊಂಡು ಪಟ್ಟಿಯ ಹೊರಮೈಯನ್ನು ಓರೆಯಾಗಿ ಹೆರೆದ. "ಈಗ ಹಿಮ್ಮಡೀನ ಹೊರಕ್ಕೆ ತಿರುವ್ರಿ. ಕಳಚ್ಕಂತೈತೆ."

ಕಳಚಿಕೊಂಡಿತು. ಆದರೆ ಹೆದರಿದಾಗಲೂ ಕಾಲು ಆ ಕಡೆಗೇ ತಿರುಗಬೇಕಲ್ಲ. ಅದಕ್ಕಾಗಿ ಅವರು ಆ ಅಂಗಳದ ಮೆತ್ತನೆಯ ಮಣ್ಣಿನಲ್ಲಿ ಬೇಕೆಂದೇ ಬೀಳತೊಡಗಿದರು. ನಾನು ಸೈಕಲ್ಲನ್ನು ಹಿಂದಿನಿಂದ ಹಿಡಿದು, ಹೇಳದೆ ಕೇಳದೆ ಎಡಕ್ಕೆ ತಳ್ಳಬೇಕು, ಅವರು ಬೀಳುವ ಮೊದಲು ಕಾಲು ಬಿಡಿಸಿಕೊಳ್ಳಬೇಕು. ಮೊದಮೊದಲು ಬಿದ್ದರು. ಮೊಣಕೈ ತರಚಿತು. ಏಳುವಾಗೆಲ್ಲ "ಇನ್ನೊಂದ್ಸಲ" ಎನ್ನುತ್ತಿದ್ದರು. ಊಟದ ಹೊತ್ತು ಮೀರಿತು. ನಾನು ತಳ್ಳಿ ತಳ್ಳಿ ಸುಸ್ತಾಗಿ ಕೂತುಬಿಟ್ಟೆ, ಮುದುಕ ನನ್ನ ಕೆಲಸ ವಹಿಸಿಕೊಂಡ. ಹೊತ್ತು ಇಳಿಯುವ ಹೊತ್ತಿಗೆ ಅವರ ಕಾಲು ತಾನೇತಾನಾಗಿ ನೆಲಕ್ಕೆ ಬರುತ್ತಿತ್ತು.

ನಮ್ಮ ಡಾಕ್ಟರು ಸರ್ಟಿಫಿಕೇಟಿನಲ್ಲಿ ಕಾಲಿನ ಸುದ್ದಿ ಎತ್ತಲಿಲ್ಲ. "ದಿನಕ್ಕೆ ಹತ್ತು ಮೈಲಿ ಸೈಕಲ್ಲು ತುಳಿಯುತ್ತಾರೆ" ಎಂದು ಬರೆದರು. ಅದು ನಿಜ. ಸಹಿ ಮಾಡಿ ಕೊಡುತ್ತಾ, "ಅಲ್ರೀ, ಬೂಟು ಬಿಚ್ಚು ಅಂದ್ರೆ ಏನ್ಮಾಡ್ತೀರಿ?" ಎಂದು ಕೇಳಿದರು. ಇವರು ಬಗ್ಗಿ ಬೂಟಿನ ಲಾಡಿಯನ್ನು ಇನ್ನೊಮ್ಮೆ ಬಿಗಿದುಕೊಂಡರು. ಅವರ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು.

ಹೊರಡುವ ದಿನ ಅವರ ಅವ್ವ ಬೂಟನ್ನು ಹೊಸಿಲ ಹೊರಗೇ ಇಡಿಸಿದ್ದಳು. ಪೆಡಲ್ಲುಗಳನ್ನು ಮಾತ್ರ ಒಳಗೆ ತರಿಸಿ, ಎಣ್ಣೆ ಒರೆಸಿ, ಕುಂಕುಮ ಇಟ್ಟು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಳು. "ನಾಯನಾ, ಅವ್ನು ಸಿಕ್ರೆ ಬಯ್ಯಬ್ಯಾಡ" ಎಂದಳು. ಅಷ್ಟೇ. ಗಾಡಿ ರಾಂಪುರದ ದಾರಿಯಲ್ಲಿ ಬಳ್ಳಾರಿಯ ಕಡೆಗೆ ತಿರುಗಿತು. ಅವರು ಗಾಡಿಯಿಂದಲೇ ನನ್ನನ್ನು ಕೂಗಿ, "ಚೀಟಿ ಐತಾ?" ಎಂದು ಕೇಳಿದರು. ಇದೆ ಎಂದು ಜೇಬು ಮುಟ್ಟಿ ತೋರಿಸಿದೆ.

ಮದರಾಸಿನಿಂದ ಬಂದ ಕಾಗದವನ್ನು ನಾನು ಅವರ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಸಾಲಿನಲ್ಲಿ ಹದಿನೇಳು ಜನ ಇದ್ದರಂತೆ. ಡಾಕ್ಟರು ಎದೆ, ಹಲ್ಲು, ಕಣ್ಣು ನೋಡಿದರು. ಕಾಲು ನೋಡಲಿಲ್ಲ. ಸೈಕಲ್ಲು ತುಳಿಸಿದರು. ಇವರು ಸೈಕಲ್ಲಿಗೆ ಮೊದಲೇ ತಮ್ಮ ಪೆಡಲ್ಲು ಹಾಕಿಕೊಂಡಿದ್ದರು. ಒಂದು ಮೈಲಿ ತುಳಿದು, ಚೆನ್ನಾಗಿಯೇ ಇಳಿದು, ಎದುರಿಗೆ ನಿಂತರು. ಡಾಕ್ಟರು ಹೋಗಬಹುದು ಎಂದರು. "ಹೊರಡಬೇಕಿತ್ತು. ಹೊರಡಲು ಆಗಲಿಲ್ಲ. ಸಮುದ್ರ ದಾಟಿದ ಮೇಲೆ ಒಂದಲ್ಲ ಒಂದು ದಿನ ತಿಳಿಯುತ್ತದೆ, ಆಗ ತಮ್ಮನನ್ನು ಹುಡುಕುವ ಮೊದಲೇ ಅಟ್ಟಿಬಿಡುತ್ತಾರೆ ಎಂದು ಭಯವಾಯಿತು. ಅಲ್ಲೇ ಕೂತು ಬೂಟು ಬಿಚ್ಚಿ ತೋರಿಸಿದೆ" ಎಂದು ಬರೆದಿದ್ದರು. ಡಾಕ್ಟರು ಬೂಟನ್ನು ಎತ್ತಿಕೊಂಡು ಒಳಗೂ ಹೊರಗೂ ನೋಡಿದರಂತೆ. ಇನ್ನೊಂದು ಮೈಲಿ ತುಳಿದು ಬಾ ಎಂದರಂತೆ. ತುಳಿದು ಬಂದ ಮೇಲೆ ಹಡಗಿನ ಚೀಟಿಗೆ ಸಹಿ ಮಾಡಿದರಂತೆ.

ಅಲ್ಲಿಂದ ಮುಂದೆ ಎರಡು ವರ್ಷ ಬಂದ ಕಾಗದಗಳಲ್ಲಿ ತಮ್ಮನ ಸುದ್ದಿ ಇರಲಿಲ್ಲ. ಬಿದಿರಿನ ಸೇತುವೆಗಳಿದ್ದವು, ಬೂಟಿನವರೆಗೆ ಕೆಸರಿತ್ತು, ನಾಯಿಗಳಿದ್ದವು, ಹೊಳೆಗೆ ಬಿದ್ದ ಒಂದು ಸಲದ ವಿಷಯವಿತ್ತು. ಗಿರಣಿಯಿಂದ ಗಿರಣಿಗೆ ಹೋಗಿ, ಕೂಲಿಗಳ ಲೈನಿನಲ್ಲಿ ಮಕ್ಕಳಿಗೆ ದೇವಿ ಹಾಕುತ್ತಾ, ಒಂದೊಂದು ಮನೆಯಲ್ಲೂ ವಿಚಾರಿಸುತ್ತಿದ್ದೇನೆ ಎಂದು ಪ್ರತಿ ಕಾಗದದ ಕೊನೆಯಲ್ಲೂ ಇರುತ್ತಿತ್ತು. ಅವ್ವ ಕೇಳಿಸಿಕೊಂಡು, "ಹೂಂ, ಮಡಚಿಡು" ಎನ್ನುತ್ತಿದ್ದಳು.

ಆಮೇಲೆ ಒಂದು ದಿನ ದಪ್ಪನೆಯ ಲಕೋಟೆ ಬಂತು. ಮಗ್ಗದ ಪಕ್ಕದಲ್ಲಿ ಕೂತು ಓದಿದೆ.

ಹೊಳೆಯ ಮೇಲುಗಡೆಯ ಒಂದು ಊರಿನ ಗಿರಣಿಯಲ್ಲಿ ಜನ ಸಾಲಾಗಿ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಒಬ್ಬ ಒಂದು ವರ್ಷದ ಗಂಡುಮಗುವನ್ನು ಮುಂದಕ್ಕೆ ಹಿಡಿದ. ತಾಯಿ ಆ ದೇಶದವಳು ಎಂದು ಮಗುವಿನ ಮುಖವೇ ಹೇಳುತ್ತಿತ್ತು. ಹಿಡಿದ ಕೈ ನೋಡಿದೊಡನೆ ತಮ್ಮನೇ ಎಂದು ಇವರಿಗೆ ಗುರುತು ಸಿಕ್ಕಿತು. "ಅವನ ತಲೆ ಬಗ್ಗಿತ್ತು. ನನಗೆ ಗಡ್ಡ, ತಲೆಗೆ ಟೋಪಿ, ಕಾಲಿಗೆ ಬೂಟು. ನನ್ನನ್ನು ಅವನು ಕುಂಟು ನಡಿಗೆಯಿಂದ ಗುರುತಿಸಬೇಕಿತ್ತು. ಈಗ ಅದಿಲ್ಲ. ಮಾತಾಡಿಸಿದರೆ ಓಡಿಹೋದಾನು ಎಂದು ಭಯವಾಯಿತು. ಮತ್ತೆ ಎಲ್ಲಿ ಹುಡುಕಲಿ? ಮಗುವಿನ ತೋಳು ಗೀರಿದೆ. ಅತ್ತಿತು. ರಿಜಿಸ್ಟರು ತೆಗೆದು, ತಲೆ ಎತ್ತದೆ, ಮಗುವಿನ ಹೆಸರು ಕೇಳಿದೆ. ಅವನು ನನ್ನ ಹೆಸರು ಹೇಳಿದ."

ಲಾಳಿ ನಿಂತಿತು. ಅವ್ವ ಗುಂಡಿಯಿಂದ ಕಾಲು ಮೇಲಕ್ಕೆ ತೆಗೆದುಕೊಂಡು ನನ್ನ ಕಡೆಗೆ ತಿರುಗಿ ಕೂತಳು.

"ಹೆಸರು ಬರೆದುಕೊಂಡೆ. ಶಾಯಿ ಚೆಲ್ಲಿತು. ದೇವಿ ಹಾಕಿದ ಎಂಟನೆಯ ದಿನ ಗಾಯ ಎದ್ದಿದೆಯೇ ಎಂದು ನೋಡಲು ಹೋಗುವುದು ಪದ್ಧತಿ. ಎಂಟು ದಿನ ಬಿಟ್ಟು ಮನೆಗೇ ಬರುತ್ತೇನೆ ಎಂದು ಹೇಳಿ ಕಳಿಸಿದೆ. ಇವತ್ತಿಗೆ ಎರಡು ದಿನವಾಯಿತು. ಅವನಿಗೆ ಗುರುತು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಸಿಕ್ಕಿದ್ದರೆ ಅವನು ಇಷ್ಟು ಹೊತ್ತಿಗೆ ಊರು ಬಿಟ್ಟಿರಬಹುದು. ನೋಡಿ ಬರಲು ಹೋಗೋಣವೆಂದರೆ ಅದಕ್ಕೂ ಭಯ. ನಾಳೆ ಅಂಚೆಯ ದೋಣಿ ಹೊರಡುತ್ತದೆ, ಅದಕ್ಕೆ ಈ ಕಾಗದ ಹಾಕುತ್ತಿದ್ದೇನೆ."

ಅಲ್ಲಿಗೆ ಮುಗಿದಿತ್ತು. ಹಾಳೆ ಮಗುಚಿದೆ. ಹಿಂದೆ ಏನೂ ಇರಲಿಲ್ಲ.

ಆ ಕಾಗದ ನಮ್ಮ ಕೈ ಸೇರುವ ಹೊತ್ತಿಗೆ ಆ ಎಂಟನೆಯ ದಿನ ಬಂದು ಹೋಗಿಯೇ ಇತ್ತು. ಅಲ್ಲಿ ನಡೆಯಬೇಕಾದ್ದು ನಡೆದು ಮುಗಿದಿದೆ, ನಮಗೆ ಮಾತ್ರ ತಿಳಿದಿಲ್ಲ. ನಾನು ದಿನಾ ಅಂಚೆಯ ಚೀಲ ಬರುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆ. ಬಂದಿಲ್ಲ ಎಂದಾಗ ಹಗುರವಾಗುತ್ತಿತ್ತು, ಹಗುರವಾದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಅವ್ವ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನಾನು ಬೀದಿಯಲ್ಲಿ ಬರುವುದು ಕಂಡರೆ ಲಾಳಿಯ ಸದ್ದು ನಿಲ್ಲುತ್ತಿತ್ತು. ನಾನು ತಲೆ ಅಲ್ಲಾಡಿಸಿದರೆ ಮತ್ತೆ ಶುರುವಾಗುತ್ತಿತ್ತು. ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಕಾಗದ ಬಂತು. ತೆಳ್ಳಗಿತ್ತು. ತೆಳ್ಳಗಿರುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಒಡೆದು ಮೊದಲು ನಾನೊಬ್ಬನೇ ಓದಿಕೊಂಡು ಆಮೇಲೆ ಹೇಳೋಣವೆಂದು ಎರಡು ಸಲ ನಿಂತೆ. ಧೈರ್ಯ ಬರಲಿಲ್ಲ. ಅವ್ವನ ಮುಂದೆ ಕೂತಾಗಲೂ ಲಕೋಟೆ ಹಾಗೇ ಇತ್ತು.

"ಒಡಿಯಪ್ಪ" ಎಂದಳು. "ಏನೇ ಇರ್ಲಿ, ನಿಲ್ಸದಂಗೆ ಓದು."

ಒಡೆದೆ. ಓದಿದೆ.

"ಅವ್ವಾ, ಎಂಟನೆಯ ದಿನ ಹೋದೆ. ಅವನು ಕೆಲಸಕ್ಕೆ ಹೋಗಿರಲಿಲ್ಲ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹೊಸಿಲಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅಣ್ಣಾ, ಆವತ್ತೇ ನಿನ್ನ ದನಿ ಗುರುತು ಸಿಕ್ಕಿತು, ನೀನು ಮಾತಾಡಿಸಿಬಿಡುತ್ತೀಯ ಎಂದು ಹೆದರಿದ್ದೆ, ಮಾತಾಡಿಸದೆ ಹೋದ ಮೇಲೆ ಇನ್ನೂ ಹೆದರಿದೆ, ಎಂಟು ದಿನ ನಿದ್ದೆ ಮಾಡಿಲ್ಲ ಎಂದ. ನಾನೂ ಮಾಡಿಲ್ಲ ಎಂದೆ. ಒಳಗೆ ಕರೆದು ಅವನ ಹೆಂಡತಿ ಅನ್ನ ಬಡಿಸಿದಳು. ಮೂವರೂ ಉಂಡೆವು. ಮಗುವಿನ ತೋಳು ಚೆನ್ನಾಗಿ ಎದ್ದಿದೆ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನು ತನಗೆ ಓದಲು ಬರುತ್ತದೇನೋ ಎಂಬಂತೆ ಬಗ್ಗಿ ನೋಡಿದಳು.

"ಮಗೂಗೆ ಜ್ವರ ಬಂದಿತ್ತಾ? ನೋಡು, ಬರ್ದವ್ನಾ?"

ಮತ್ತೊಮ್ಮೆ ಓದಿಕೊಂಡೆ. "ಇಲ್ಲವ್ವಾ. ಅದು ಬರ್ದಿಲ್ಲ."

"ಗೀರಿದ್ ಮ್ಯಾಲೆ ಮಕ್ಳಿಗೆ ಜ್ವರ ಬರ್ತೈತಲ್ಲ, ಅದನ್ನೇ ಬರ್ದಿಲ್ಲ ನೋಡು" ಎಂದಳು. "ಶಾಯಿ ತಗಂಬಾ. ಈವತ್ತೇ ಕೇಳು."

ನಾನು ಶಾಯಿ ತಂದೆ. ಕಾಗದ ಬರೆದು, ಮಡಚಿ, ವಿಳಾಸ ಬರೆಯುವವರೆಗೂ ಅವಳು ನನ್ನ ಪಕ್ಕ ಬಿಟ್ಟು ಏಳಲಿಲ್ಲ.